ಮನೆ–ಮನ: ಸಿಟೌಟಿನಲ್ಲಿ ಕೂರುವವರು ಯಾರು?



ಮನೆಯ ಹೊರಬಾಗಿಲಿಗೂ ಅಂಗಳಕ್ಕೂ ನಡುವೆ ಇರುವ ನಾಲ್ಕಾರು ಮೊಳದ ಜಾಗಕ್ಕೆ ನಮ್ಮ ಗಡಿನಾಡಿನಲ್ಲಿ ಎಷ್ಟೊಂದು ಹೆಸರುಗಳು! ಕಾಸರಗೋಡಿನ ಕನ್ನಡಿಗರಿಗೆ ಅದು ಜಗಲಿ. ನೆರೆಯ ಮಲಯಾಳಿಗಳಿಗೆ ಕೋಲಾಯ ಅಥವಾ ಪೂಮುಖ. ತಾಳವಾಡಿ, ಹೊಸೂರಿನ ಕಡೆ ತಿಣ್ಣೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಹಳ್ಳಿಗಳಲ್ಲಿ ಕಟ್ಟೆ. ಅಲ್ಲಿಯ ಮರಾಠಿಗರು ಓಸರಿ ಎನ್ನುತ್ತಾರೆ. ಆದವಾನಿ, ರಾಯದುರ್ಗದ ತೆಲುಗರಿಗೆ ಅರುಗು. ಗೋವೆಗೆ ಹೋದರೆ ಬಾಲ್ಕಾಂವ್. ಹೆಸರು ಹಲವಾದರೂ ಕೆಲಸ ಒಂದೇ: ಮನೆಯವರು ಹೊರಗೆ ಬಂದು ಕೂರುವುದು, ಹೊರಗಿನವರು ಒಳಗೆ ಬರುವ ಮೊದಲು ಕೂರುವುದು.

ಕೇರಳದಲ್ಲಿ ಹೊಸ ಮನೆ ಕಟ್ಟುವವರು ಈಗ ಇದಕ್ಕೆ ‘ಸಿಟೌಟ್’ ಎನ್ನುತ್ತಾರೆ. ನಕ್ಷೆಯಲ್ಲಿ ಮೊದಲು ಬರೆಯುವುದೇ ಅದನ್ನು. ಹೊರಗೆ ಕೂರುವ ಜಾಗವೆಂದು ಹೆಸರೇ ಹೇಳುತ್ತದೆ. ಆದರೆ ಕೂರುವವರು ಯಾರು? ಮನೆಯ ಆಶೀರ್ವಾದಕ್ಕೆಂದು ವರ್ಷಕ್ಕೆ ಹತ್ತಾರು ಹೊಸ ಮನೆಗಳ ಮೆಟ್ಟಿಲು ಹತ್ತುವ ನಮಗೆ ಈ ಪ್ರಶ್ನೆ ಕಾಡುತ್ತಲೇ ಇರುತ್ತದೆ. ಕೆಲವು ಮನೆಗಳಲ್ಲಿ ಅಂಗಡಿಯಿಂದ ತಂದ ಸೋಫಾ ಸೆಟ್ ಪ್ಲಾಸ್ಟಿಕ್ ಹೊದಿಕೆ ತೆಗೆಯದೆಯೇ ಕುಳಿತಿರುತ್ತದೆ. ಕೆಲವು ಕಡೆ ಚಪ್ಪಲಿಯ ಕಪಾಟು, ಮಗುವಿನ ಸೈಕಲ್ಲು, ಒಣಗಲು ಹಾಕಿದ ಬಟ್ಟೆ. ಇನ್ನು ಕೆಲವು ಕಡೆ ನೆಲದಿಂದ ಚಾವಣಿಯವರೆಗೆ ಗ್ರಿಲ್, ಅದಕ್ಕೆ ಬೀಗ. ಆ ಮನೆಯ ಅಜ್ಜನೋ ಅಜ್ಜಿಯೋ ಒಳಕೋಣೆಯಲ್ಲಿ ಟಿ.ವಿ. ಮುಂದೆ ಒಬ್ಬರೇ ಇರುತ್ತಾರೆ. ಹೊರಗೆ ಯಾಕೆ ಕೂರುವುದಿಲ್ಲ ಎಂದು ಕೇಳಿದರೆ, “ಅಲ್ಲಿ ಕೂತರೆ ಏಳಲಿಕ್ಕೆ ಆಗುವುದಿಲ್ಲ ಫಾದರ್” ಎಂಬ ಉತ್ತರ ಬರುತ್ತದೆ.

ಈ ತಿಂಗಳು ನಾವು ಮಾತಾಡಬೇಕಾದದ್ದು ಇದನ್ನೇ. ಹೊರಗಿನ ಕೂರುವ ಜಾಗವನ್ನು ರಸ್ತೆಯಿಂದ ನೋಡುವವರಿಗಾಗಿ ಅಲ್ಲ, ಅಲ್ಲಿ ಕೂರುವವರಿಗಾಗಿ ಅಣಿಗೊಳಿಸಬೇಕು. ಹಾಗೆ ಅಣಿಗೊಳಿಸುವುದಕ್ಕೆ ಹೆಚ್ಚು ಹಣ ಬೇಡ, ಸ್ವಲ್ಪ ಗಮನ ಬೇಕು.

ಹಿಂದಿನವರಿಗೆ ತಿಳಿದಿದ್ದದ್ದು

ಹಳೆಯ ಮನೆಗಳನ್ನು ಒಮ್ಮೆ ನೋಡೋಣ. ಕಾಸರಗೋಡಿನ ಕೆಂಪುಕಲ್ಲಿನ ಮನೆಗಳಲ್ಲಿ ಜಗಲಿಯ ಮೇಲಿನ ಮಾಡು ಎಷ್ಟು ತಗ್ಗಾಗಿ ಇಳಿದಿತ್ತೆಂದರೆ ಎತ್ತರದವರು ತಲೆ ಬಾಗಿಸಿಯೇ ಒಳಗೆ ಬರಬೇಕಿತ್ತು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಪಡುಗಾಳಿಯೊಂದಿಗೆ ಓರೆಯಾಗಿ ಹೊಡೆಯುವ ಮಳೆ ಜಗಲಿಗೆ ಬೀಳದಂತೆ ಮಾಡಿದ ಏರ್ಪಾಡು ಅದು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮುಳಿಹುಲ್ಲಿನ, ಮಡಲಿನ ಮಾಡುಗಳ ಜಾಗಕ್ಕೆ ಹಂಚು ಬಂತು. ಹಂಚುಗಳ ಸಂದಿಯಿಂದ ಬಿಸಿಗಾಳಿ ಮೇಲೆ ಹೊರಟುಹೋಗುವ ಅನುಕೂಲ ಉಳಿಯಿತು.

ಮಲಬಾರಿನ ಹಳೆಯ ಮನೆಗಳ ಪೂಮುಖದಲ್ಲಿ ‘ಚಾರುಪಡಿ’ ಇರುತ್ತದೆ. ಕಂಬದಿಂದ ಕಂಬಕ್ಕೆ ಹಲಗೆಯ ಆಸನ, ಅದಕ್ಕೆ ಹೊರಕ್ಕೆ ಬಾಗಿದ ಒರಗು. ಬೆನ್ನಿಗೆ ಆಸರೆಯೂ ಆಯಿತು, ಗಾಳಿಯೂ ಬಂತು, ಜಗಲಿಯ ನಡುವಿನ ನೆಲವೂ ಖಾಲಿ ಉಳಿಯಿತು. ಗೋವೆಯ ಕ್ರೈಸ್ತ ಮನೆಗಳ ಬಾಲ್ಕಾಂವ್‌ನಲ್ಲಿ ಬಾಗಿಲಿನ ಎರಡು ಬದಿಗೆ ಕಲ್ಲಿನ ಆಸನಗಳು ಎದುರುಬದುರಾಗಿ ಕಟ್ಟಿರುತ್ತವೆ. ಬೀದಿಗಿಂತ ಕೆಲವೇ ಮೆಟ್ಟಿಲು ಮೇಲೆ. ಕುಳಿತವರು ಒಬ್ಬರ ಮುಖವನ್ನೊಬ್ಬರು ನೋಡಬಹುದು, ತಲೆ ತಿರುಗಿಸಿದರೆ ಬೀದಿಯನ್ನೂ ನೋಡಬಹುದು. ಹೋಗುವವರನ್ನು ದನಿ ಎತ್ತರಿಸದೆ ಮಾತಾಡಿಸಬಹುದು.

ಮಲಯಾಳದ ಹೆಸರಾಂತ ಕಥೆಗಾರ ವೈಕಂ ಮುಹಮ್ಮದ್ ಬಷೀರರನ್ನು ನೆನೆಯುವವರೆಲ್ಲ ಅವರ ಚಾರುಕಸೇರವನ್ನೂ ನೆನೆಯುತ್ತಾರೆ. 1994ರಲ್ಲಿ ತೀರಿಕೊಂಡ ಅವರು ಬೇಪೂರಿನ ತಮ್ಮ ಮನೆಯಂಗಳದ ಮ್ಯಾಂಗೋಸ್ಟೀನ್ ಮರದ ನೆರಳಿನಲ್ಲಿ ಆ ಒರಗು ಕುರ್ಚಿಯನ್ನು ಹಾಕಿಕೊಂಡು ಕೂರುತ್ತಿದ್ದರು. ನೋಡಲು ಬಂದವರೂ ಅಲ್ಲೇ ಸುತ್ತ ಕೂರುತ್ತಿದ್ದರು. ಒಂದು ಕುರ್ಚಿ, ಒಂದು ಮರ. ಅಷ್ಟರಲ್ಲೇ ಒಂದು ಸಭೆ.

ಆದರೆ ಹಳೆಯದನ್ನು ಹೊಗಳುವಾಗ ಒಂದು ಸತ್ಯವನ್ನು ನಾವು ಮರೆಯಬಾರದು. ಆ ಜಗಲಿ ಎಲ್ಲರಿಗೂ ಇರಲಿಲ್ಲ. ಕೆಲವರು ಜಗಲಿ ಹತ್ತಬಹುದಿತ್ತು, ಕೆಲವರು ಅಂಗಳದಲ್ಲೇ ನಿಲ್ಲಬೇಕಿತ್ತು, ಕೆಲವರು ಅಂಗಳಕ್ಕೂ ಬರುವಂತಿರಲಿಲ್ಲ. ಜಾತಿಯ ಗೆರೆ ಜಗಲಿಯ ಅಂಚಿನಲ್ಲೇ ಎಳೆದಿತ್ತು. ಮನೆಯೊಳಗೂ ಗೆರೆಯಿತ್ತು: ಒರಗು ಕುರ್ಚಿ ಯಜಮಾನರದು, ಅಡುಗೆ ಮಾಡಿ ದಣಿದ ಹೆಂಗಸರಿಗೆ ಹಿತ್ತಿಲ ಬಾಗಿಲಿನ ಹೊಸ್ತಿಲು. ಹೊಸ ಮನೆ ಕಟ್ಟುವ ನಾವು ಹಳೆಯ ಮಾಡಿನ ಇಳಿಜಾರನ್ನು ಕಲಿಯೋಣ, ಹಳೆಯ ಗೆರೆಗಳನ್ನು ಬಿಟ್ಟುಬಿಡೋಣ.

ಮೊದಲು ಬಿಸಿಲು, ಗಾಳಿ, ಮಳೆ

ಕುರ್ಚಿ ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಮನೆಯಲ್ಲಿರುವ ಯಾವುದಾದರೂ ಕುರ್ಚಿಯನ್ನು ಹೊರಗೆ ಹಾಕಿ, ಒಂದು ವಾರ ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷ, ಸಂಜೆ ಐದಕ್ಕೆ ಹತ್ತು ನಿಮಿಷ ಕೂತು ನೋಡಿ. ಬಿಸಿಲು ಕಣ್ಣಿಗೆ ಬೀಳುತ್ತದೆಯೇ? ಗಾಳಿ ಯಾವ ಕಡೆಯಿಂದ? ಯಾವ ಮೂಲೆಯಲ್ಲಿ ಕೂತರೆ ರಸ್ತೆ ಕಾಣುತ್ತದೆ, ಆದರೆ ರಸ್ತೆಯವರಿಗೆ ಮನೆಯೊಳಗಿನದೆಲ್ಲ ಕಾಣುವುದಿಲ್ಲ? ಈ ಒಂದು ವಾರದಲ್ಲಿ ತಿಳಿಯುವುದು ಯಾವ ಅಂಗಡಿಯವರಿಗೂ ಗೊತ್ತಿರುವುದಿಲ್ಲ.

ಊರಿಂದೂರಿಗೆ ಉತ್ತರ ಬೇರೆ. ಕರಾವಳಿಯಲ್ಲಿ ಪಡುವಣ ಮಳೆಯೇ ದೊಡ್ಡ ಚಿಂತೆ. ಪೆಟ್ಟಿಗೆಯ ಆಕಾರದ ಹೊಸ ಮನೆಗಳಿಗೆ ಮಾಡಿನ ಇಳಿಜಾರು ಇಲ್ಲದ್ದರಿಂದ ಸಿಟೌಟಿನ ಒಳಗೋಡೆಯೂ ನೆನೆಯುತ್ತದೆ. ಅಂಥಲ್ಲಿ ಮುಂದಕ್ಕೆ ಚಾಚಿದ ಹಂಚಿನ ಮಾಡು ಅಥವಾ ಸುತ್ತಿ ಮೇಲೆತ್ತುವ ಬಿದಿರಿನ ಪರದೆ ಹಾಕಬಹುದು. ನೀಲಿ ಟಾರ್ಪಾಲು ಕಟ್ಟಿದರೆ ಮಳೆ ನಿಲ್ಲುತ್ತದೆ, ಗಾಳಿಯೂ ನಿಲ್ಲುತ್ತದೆ.

ಸೊಲ್ಲಾಪುರ, ಜತ್ತ, ಆದವಾನಿಯ ಕಡೆ ಬಿಸಿಲಿನದೇ ಮಾತು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಶಹಾಬಾದ್ ಕಲ್ಲಿನ ಕಟ್ಟೆ ಮಧ್ಯಾಹ್ನ ಕುಡಿದ ಬಿಸಿಯನ್ನು ರಾತ್ರಿಯವರೆಗೂ ಉಗುಳುತ್ತದೆ. ಅದೇ ಕಲ್ಲು ಪೂರ್ವದ ಕಡೆಗಿದ್ದರೆ ಸಂಜೆ ತಣ್ಣಗಿರುತ್ತದೆ. ಪಡುವಣ ಗೋಡೆಯ ಮುಂದೆ ಬೇವಿನ ಮರ ಬೆಳೆದರೆ ಅದರ ಅಡಿಯಲ್ಲಿ ಒಂದು ಹೊರಸು ಸಾಕು; ಹುರಿಯ ನೇಯ್ಗೆಯ ಕೆಳಗಿನಿಂದ ಗಾಳಿಯಾಡುವುದರಿಂದ ಬೆನ್ನು ಬೆವರುವುದಿಲ್ಲ.

ನೀಲಗಿರಿಯವರ ಕಷ್ಟವೇ ತಿರುಗಾಮುರುಗಾ. ಡಿಸೆಂಬರ್, ಜನವರಿಯ ಹಿಮ ಬೀಳುವ ದಿನಗಳಲ್ಲಿ ಅಲ್ಲಿ ನೆರಳನ್ನಲ್ಲ, ಬಿಸಿಲನ್ನು ಹುಡುಕಬೇಕು. ಆ ತಿಂಗಳುಗಳಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಪೂರ್ವ ಅಥವಾ ದಕ್ಷಿಣದ ಗೋಡೆಗೆ ಬೆನ್ನು ಕೊಟ್ಟು ಆಸನ ಹಾಕಿದರೆ ಗಾಳಿ ತಡೆದು ಬಿಸಿಲು ಸಿಗುತ್ತದೆ.

ಆಸನದ ಅಳತೆ

“ಕೂತರೆ ಏಳಲಿಕ್ಕೆ ಆಗುವುದಿಲ್ಲ” ಎಂಬ ಮಾತಿಗೆ ಕಾರಣ ಅಳತೆಯಲ್ಲಿದೆ. ಅಂಗಡಿಗಳಲ್ಲಿ ‘ಲೌಂಜ್’ ಎಂದು ಮಾರುವ ಆಸನಗಳು ನೆಲದಿಂದ 13–14 ಇಂಚು ಮಾತ್ರ ಎತ್ತರ, ಆಳವೂ ಹೆಚ್ಚು. ಕಾಲು ಚಾಚಿ ಒರಗುವ ಹುಡುಗರಿಗೆ ಸುಖ. ಆದರೆ ಮೊಣಕಾಲು ಸೊಂಟಕ್ಕಿಂತ ಮೇಲೆ ಹೋದರೆ ಏಳುವಾಗ ಮೈಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ವಯಸ್ಸಾದವರಿಗೆ 17–18 ಇಂಚು ಎತ್ತರ, 18–20 ಇಂಚು ಆಳ ಇರುವ, ಮೆತ್ತೆ ಹೆಚ್ಚು ಕುಸಿಯದ ಕುರ್ಚಿ ಬೇಕು. ಎರಡೂ ಬದಿಗೆ ಗಟ್ಟಿಯಾದ ಕೈ ಇರಲೇಬೇಕು, ಏಳುವಾಗ ಊರುವುದಕ್ಕೆ. ಗಿಡ್ಡ ಇರುವವರಿಗೆ ಪಾದ ನೆಲಕ್ಕೆ ಮುಟ್ಟದಿದ್ದರೆ ಒಂದು ಮಣೆ ಇಡಿ. ಕುರ್ಚಿ ಕೊಳ್ಳಲು ಹೋಗುವಾಗ ಮನೆಯ ಹಿರಿಯರನ್ನೇ ಕರೆದುಕೊಂಡು ಹೋಗಿ ಕೂರಿಸಿ, ಏಳಿಸಿ ನೋಡಿ. ಅವರು ಕೈಯೂರಿ ತಾವೇ ಎದ್ದರೆ ಆ ಕುರ್ಚಿ ಆಗಬಹುದು.

ಇನ್ನು ಜೋಡಣೆ. ಸಾಮಾನ್ಯವಾಗಿ ನಾವು ಕುರ್ಚಿಗಳನ್ನು ಗೋಡೆಗೆ ತಾಗಿಸಿ ಒಂದೇ ಸಾಲಿನಲ್ಲಿ ಇಡುತ್ತೇವೆ, ವೈದ್ಯರ ಬಳಿ ಕಾಯುವವರ ಹಾಗೆ. ಸಾಲಿನಲ್ಲಿ ಕುಳಿತವರು ಮಾತಾಡಲು ಕತ್ತು ತಿರುಗಿಸಬೇಕು. ಹತ್ತು ನಿಮಿಷಕ್ಕೆ ಕತ್ತು ನೋಯುತ್ತದೆ, ಮಾತು ಮುಗಿಯುತ್ತದೆ. ಒಂದು ಮೂಲೆಯಲ್ಲಿ ಎಲ್ ಆಕಾರದಲ್ಲಿ ಬೆಂಚನ್ನೂ ಕುರ್ಚಿಯನ್ನೂ ಇಟ್ಟರೆ ಕುಳಿತವರು ಓರೆಯಾಗಿ ಎದುರಾಗುತ್ತಾರೆ. ಮುಖದಿಂದ ಮುಖಕ್ಕೆ ಐದಾರು ಅಡಿ ಇದ್ದರೆ ಮೆಲುದನಿಯ ಮಾತೂ ಕೇಳುತ್ತದೆ; ಹತ್ತು ಅಡಿಯಾದರೆ ಕೂಗಬೇಕು. ಕಿವಿ ಮಂದವಾದವರನ್ನು ಇನ್ನೂ ಹತ್ತಿರ ಕೂರಿಸಿ. ನಡುವೆ ಲೋಟ ಇಡಲು ಒಂದು ಪುಟ್ಟ ಸ್ಟೂಲು, ಆಸನದಿಂದ ಒಂದೂವರೆ ಅಡಿಯೊಳಗೆ. ಬಾಗಿಲಿನಿಂದ ಮೆಟ್ಟಿಲಿಗೆ ಹೋಗುವ ದಾರಿಯಲ್ಲಿ ಮೂರಡಿ ಬಿಡಿ. ಕೋಲು ಹಿಡಿದವರು, ವಾಕರ್ ಹಿಡಿದವರು ಎಡವಬಾರದು. ದೀಪ ಕಣ್ಣಿಗೆ ಹೊಡೆಯುವ ಬಿಳಿಯದಾಗಿರದೆ ಹಳದಿ ಬಣ್ಣದ್ದಾಗಿರಲಿ, ಮೆಟ್ಟಿಲಿನ ಅಂಚು ಕಾಣುವಂತಿರಲಿ.

ಯಾವುದರಿಂದ ಮಾಡಿದ್ದು?

ಬೆತ್ತದ ಕುರ್ಚಿ ಚೆಂದ, ಹಗುರ, ಗಾಳಿಯಾಡುತ್ತದೆ. ಆದರೆ ಮಳೆ ನೀರು ತಾಗಿದರೆ ಕರಾವಳಿಯಲ್ಲಿ ಒಂದೇ ಮಳೆಗಾಲಕ್ಕೆ ಬೂಸ್ಟು ಹಿಡಿಯುತ್ತದೆ. ನಾಲ್ಕು ತಿಂಗಳು ಒಳಗಿಡಲು ಜಾಗವಿದ್ದರೆ ಮಾತ್ರ ಕೊಳ್ಳಿ. ಬೆತ್ತದಂತೆ ಕಾಣುವ ಪ್ಲಾಸ್ಟಿಕ್ ಹೆಣಿಗೆಯವು ಮಳೆಗೆ ಹೆದರುವುದಿಲ್ಲ. ಆದರೆ ಒಳಗಿನ ಚೌಕಟ್ಟು ಕಬ್ಬಿಣದ್ದಾದರೆ ಸಮುದ್ರದ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ಚೌಕಟ್ಟು ಕೇಳಿ ಪಡೆಯಿರಿ. ಅಚ್ಚಿನಲ್ಲಿ ಎರೆದ ಪ್ಲಾಸ್ಟಿಕ್ ಕುರ್ಚಿ ಅಗ್ಗ, ಎಲ್ಲ ಮನೆಯಲ್ಲೂ ಇದೆ. ಆದರೆ ವರ್ಷಗಟ್ಟಲೆ ಬಿಸಿಲು ತಿಂದ ಪ್ಲಾಸ್ಟಿಕ್ ಹುರಿದ ಹಪ್ಪಳದಂತಾಗುತ್ತದೆ. ನುಣುಪು ಟೈಲ್ಸಿನ ಮೇಲೆ ಅದರ ಕಾಲು ಹರಡಿ ಮುರಿದರೆ ಬೀಳುವವರು ಹಿರಿಯರೇ. ಬಣ್ಣ ಮಾಸಿ, ಮೇಲ್ಮೈ ಪುಡಿಯಾಗಿ ಬೆರಳಿಗೆ ಅಂಟತೊಡಗಿದರೆ ಆ ಕುರ್ಚಿಯನ್ನು ತೆಗೆದುಬಿಡಿ.

ಸಾಗುವಾನಿ ಬಹುಕಾಲ ಬಾಳುತ್ತದೆ, ಬೆಲೆಯೂ ಹಾಗೆಯೇ. ನಮ್ಮ ತೋಟಗಳಲ್ಲೇ ಸಿಗುವ ಅಡಿಕೆ ಮರದ ದಬ್ಬೆಗಳಿಂದ ಒಳ್ಳೆಯ ಬೆಂಚು ಮಾಡಬಹುದು. ಬಲಿತ ಮರದ ಹೊರಭಾಗವನ್ನು ಮಾತ್ರ ಬಳಸಿ, ಸಿಬಿರು ಹೋಗುವಂತೆ ಚೆನ್ನಾಗಿ ಉಜ್ಜಿಸಿ, ನೆನೆಯದ ಜಾಗದಲ್ಲಿ ಇಡಬೇಕು. ಹಳೆಯ ಕಬ್ಬಿಣದ ಚೌಕಟ್ಟಿಗೆ ಪ್ಲಾಸ್ಟಿಕ್ ವಯರು ಹೆಣೆಸಿದರೆ ಮತ್ತೆ ಹತ್ತು ವರ್ಷ ನಡೆಯುತ್ತದೆ. ಮೆತ್ತೆಗಳಿಗೆ ಬಿಚ್ಚಿ ಒಗೆಯಬಹುದಾದ ಕವಚ ಹೊಲಿಸಿ, ರಾತ್ರಿ ಒಳಗೆ ಎತ್ತಿಡಿ.

ಹೊಸದಾಗಿ ಕಟ್ಟುವವರಿಗೆ ಎಲ್ಲಕ್ಕಿಂತ ಅಗ್ಗದ ಆಸನ ಜಗಲಿಯ ಅಂಚಿನ ಕಟ್ಟೆಯೇ. ಗಾರೆಯವರಿಗೆ ಮೊದಲೇ ಹೇಳಿ 17 ಇಂಚು ಎತ್ತರಕ್ಕೆ, 18 ಇಂಚು ಅಗಲಕ್ಕೆ ಕಟ್ಟಿಸಿ, ಮೇಲೆ ಕೆಂಪು ಗಾರೆಯನ್ನೋ ಕಲ್ಲನ್ನೋ ಹಾಕಿಸಿದರೆ ಅದು ಮುರಿಯುವುದಿಲ್ಲ, ಕಳುವಾಗುವುದಿಲ್ಲ, ಹೊಸ ಮೆತ್ತೆ ಕೇಳುವುದಿಲ್ಲ. ಗ್ರಿಲ್ ಬೇಕೆಂದರೆ ಹಾಕಿಸಿ. ಒಂಟಿ ಮನೆಗಳಿಗೆ ಅದರ ಅಗತ್ಯವಿದೆ. ಕಟ್ಟೆಯನ್ನು ಗ್ರಿಲ್ಲಿನ ಹೊರಗೊಂದು, ಒಳಗೊಂದು ಮಾಡಿಸಿ.

ಬಾಲ್ಕನಿಯವರಿಗೆ

ಪಟ್ಟಣದ ಫ್ಲ್ಯಾಟಿನಲ್ಲಿ ಇರುವವರಿಗೆ ಜಗಲಿಯಿಲ್ಲ, ನಾಲ್ಕಡಿ ಅಗಲದ ಬಾಲ್ಕನಿ ಇದೆ. ಅಲ್ಲಿ ಸೋಫಾ ಇಟ್ಟರೆ ಕಾಲಿಡಲು ಜಾಗವಿಲ್ಲ. ಉದ್ದದ ಎರಡು ತುದಿಗಳಲ್ಲಿ ಎದುರುಬದುರಾಗಿ ಎರಡು ಮಡಚುವ ಕುರ್ಚಿ, ನಡುವೆ ಸ್ಟೂಲು. ಅದೇ ಗೋವೆಯ ಬಾಲ್ಕಾಂವ್‌ನ ಜಾಣ್ಮೆ. ಬಟ್ಟೆ ಒಣಗಿಸುವ ಸರಳನ್ನು ಹಗ್ಗದಿಂದ ಮೇಲಕ್ಕೆಳೆಯುವಂತೆ ಚಾವಣಿಗೆ ಕಟ್ಟಿಸಿದರೆ ಕೆಳಗಿನ ಜಾಗ ಮನುಷ್ಯರಿಗೆ ಉಳಿಯುತ್ತದೆ.

ಇಲ್ಲಿ ಮೂರು ಎಚ್ಚರಗಳು. ಮೊದಲನೆಯದು ಮಕ್ಕಳದು. ಕಟಾಂಜನ ನೆಲದಿಂದ ಕನಿಷ್ಠ ಒಂದು ಮೀಟರ್ ಎತ್ತರ ಇರಬೇಕು. ಆದರೆ ಅದಕ್ಕೆ ತಾಗಿಸಿ ಒಂದು ಕುರ್ಚಿ ಇಟ್ಟ ಕ್ಷಣ, ಮಗುವಿನ ಪಾಲಿಗೆ ಆ ಎತ್ತರದಲ್ಲಿ ಅರ್ಧ ಇಲ್ಲವಾಗುತ್ತದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಕುರ್ಚಿ, ಸ್ಟೂಲು, ಹೂಕುಂಡ ಯಾವುದೂ ಕಟಾಂಜನದ ಪಕ್ಕದಲ್ಲಿರಬಾರದು. ಕೂತು ಎದ್ದ ಮೇಲೆ ಮಡಚಿ ಒಳಗಿಡಿ. ಏಣಿಯಂತೆ ಅಡ್ಡ ಸರಳಿರುವ ಕಟಾಂಜನವಾದರೆ ಒಳಗಿನಿಂದ ಹತ್ತಲಾಗದ ಬಲೆಯನ್ನೋ ಹಲಗೆಯನ್ನೋ ಕಟ್ಟಿಸಿ. ಈ ಮಾತನ್ನು ದಯವಿಟ್ಟು ಮುಂದಕ್ಕೆ ಹಾಕಬೇಡಿ.

ಎರಡನೆಯದು ಭಾರ. ನಮ್ಮ ದೇಶದ ಕಟ್ಟಡ ಮಾನದಂಡದಂತೆ ವಸತಿ ಮನೆಯ ಬಾಲ್ಕನಿಗೆ ಚದರ ಮೀಟರಿಗೆ ಸುಮಾರು 300 ಕೆ.ಜಿ. ಭಾರವನ್ನು ಲೆಕ್ಕ ಹಿಡಿಯುತ್ತಾರೆ. ನೀರು ಕುಡಿದ ಮಣ್ಣು ತುಂಬಿದ ದೊಡ್ಡ ಡ್ರಮ್ಮೊಂದೇ ನೂರು ಕಿಲೋ ತೂಗಬಹುದು. ಅಂಥವನ್ನು ತುದಿಯಲ್ಲಿ ಸಾಲಾಗಿ ಇಡಬೇಡಿ. ತೂಗುಮಂಚಕ್ಕೆ ಕೊಕ್ಕೆ ಹಾಕಿಸುವ ಮೊದಲು ಎಂಜಿನಿಯರರನ್ನು ಕೇಳಿ. ತೂಗುವಾಗ ಬೀಳುವ ಎಳೆತ ಸುಮ್ಮನೆ ಕೂತ ಭಾರಕ್ಕಿಂತ ಹೆಚ್ಚು.

ಮೂರನೆಯದು ನೀರು. ಹೂಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರಿನಲ್ಲಿ ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುತ್ತದೆ, ಒಂದು ವಾರ–ಹತ್ತು ದಿನದಲ್ಲಿ ಮರಿಗಳು ಹಾರತೊಡಗುತ್ತವೆ. ಅದು ಹಗಲಿನಲ್ಲಿ ಕಚ್ಚುವ ಸೊಳ್ಳೆ. ಹೊರಗೆ ಕೂತವರನ್ನೇ ಮೊದಲು ಹುಡುಕುತ್ತದೆ. ವಾರಕ್ಕೊಮ್ಮೆ ತಟ್ಟೆಗಳನ್ನು ಚೆಲ್ಲಿ, ಉಜ್ಜಿ ಒಣಗಿಸಿ.

ಖಾಲಿ ಕುರ್ಚಿ ಹೇಳಿದ್ದು

ಇಷ್ಟೆಲ್ಲ ಅಳತೆ ಯಾಕೆ ಎಂದು ಕೆಲವರು ಕೇಳಬಹುದು. ನಮಗೆ ಗೊತ್ತಿರುವ ಒಂದು ಮನೆಯ ಸಂಗತಿ ಹೇಳುತ್ತೇವೆ. ಎಂಬತ್ತು ದಾಟಿದ ಅಜ್ಜಿ, ಮಕ್ಕಳು ಗಲ್ಫಿನಲ್ಲಿ. ಬೆಳಗಿನ ಕಾಪಿಯನ್ನು ಅವರು ಜಗಲಿಯ ಕುರ್ಚಿಯಲ್ಲೇ ಕುಡಿಯುತ್ತಿದ್ದರು. ಸೊಸೈಟಿಗೆ ಹಾಲು ಒಯ್ಯುವ ನೆರೆಯವರು ದಿನವೂ ಆ ದಾರಿಯಲ್ಲಿ ಹೋಗುವಾಗ “ಏನಜ್ಜೀ, ಕಾಪಿ ಆಯಿತಾ?” ಎನ್ನುವುದು ರೂಢಿ. ಒಂದು ದಿನ ಕುರ್ಚಿ ಖಾಲಿ, ಬಾಗಿಲು ಹಾಕಿತ್ತು. ಅವರು ಹಾಲಿನ ಕ್ಯಾನು ಕೆಳಗಿಟ್ಟು ಕೂಗಿದರು, ಉತ್ತರವಿಲ್ಲ. ಹಿತ್ತಿಲಿನಿಂದ ಹೋಗಿ ನೋಡಿದರೆ ಅಜ್ಜಿ ಬಚ್ಚಲಿನಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಎಂಟು ಗಂಟೆಯೊಳಗೆ ಆಸ್ಪತ್ರೆ ಸೇರಿದರು, ಬದುಕಿದರು. ಅವರು ಒಳಕೋಣೆಯಲ್ಲೇ ಕೂರುವವರಾಗಿದ್ದರೆ ಆ ದಿನ ಅವರಿಲ್ಲದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಹೊರಗೆ ಕಾಣಿಸಿಕೊಳ್ಳುವವರು ಕಾಣದಾದಾಗ ಊರಿಗೆ ಗೊತ್ತಾಗುತ್ತದೆ.

ಮಕ್ಕಳೆಲ್ಲ ದೂರದ ಊರುಗಳಿಗೆ, ಹೊರದೇಶಗಳಿಗೆ ಹೋಗಿರುವ ನಮ್ಮ ಗಡಿನಾಡಿನ ಮನೆಗಳಿಗೆ ಇದು ಸಣ್ಣ ಮಾತಲ್ಲ. ಹೊರದೇಶದಿಂದ ಕಳಿಸಿದ ಹಣದಲ್ಲಿ ಕಟ್ಟಿದ ಸಿಟೌಟ್ ವರ್ಷಕ್ಕೆ ಒಂದು ತಿಂಗಳ ರಜೆಯ ಫೋಟೋಕ್ಕೆ ಮಾತ್ರವಲ್ಲ, ಉಳಿದ ಹನ್ನೊಂದು ತಿಂಗಳು ಅಪ್ಪ ಅಮ್ಮ ಕೂರುವುದಕ್ಕೆ ಆಗಬೇಕು.

ಈ ತಿಂಗಳು ಮೂರು ಕೆಲಸ ಮಾಡೋಣ. ಸಿಟೌಟಿನಲ್ಲಿ ಮನುಷ್ಯರ ಜಾಗವನ್ನು ಹಿಡಿದಿರುವ ಸಾಮಾನುಗಳನ್ನು ಬೇರೆ ಕಡೆಗೆ ಸಾಗಿಸೋಣ. ಮನೆಯ ಹಿರಿಯರಿಗೆ ಕೈಯಿರುವ ಎತ್ತರದ ಕುರ್ಚಿಯೊಂದನ್ನು, ರಸ್ತೆ ಕಾಣುವ ಮೂಲೆಯಲ್ಲಿ, ಗಾಳಿಗೆ ಹಾಕೋಣ. ಅದರ ಎದುರಿಗೆ ಇನ್ನೊಂದನ್ನು ಇಡೋಣ. ಆ ಎರಡನೆಯದು ಯಾರಿಗೆಂದು ಹೆಸರು ಬರೆಯುವುದು ಬೇಡ. ಸಂಜೆ ಅಡುಗೆಗೆ ಮೊದಲು ಅರ್ಧ ಗಂಟೆ ಮನೆಯ ತಾಯಿ ಕೂರಲಿ. ತೋಟದ ಕೆಲಸ ಮುಗಿಸಿದವರು ಕೂಲಿ ಎಣಿಸಿಕೊಳ್ಳುವಾಗ ಕೂರಲಿ. ಪೊಟ್ಟಣ ತಲುಪಿಸಲು ಬಿಸಿಲಿನಲ್ಲಿ ಬಂದ ಹುಡುಗ, ನೀವು ಹಣ ತರುವವರೆಗೆ ನಿಲ್ಲದೆ ಕೂರಲಿ.

ಮುಂದಿನ ಸಲ ನಿಮ್ಮ ಕಡೆಗೆ ಬಂದಾಗ ನಮ್ಮನ್ನು ಒಳಗಿನ ಸೋಫಾಕ್ಕೆ ಕರೆಯಬೇಡಿ. ಅಲ್ಲೇ ಹೊರಗೆ, ಅಜ್ಜನ ಎದುರಿನ ಕುರ್ಚಿಯಲ್ಲಿ ಕೂರುತ್ತೇವೆ. ಒಂದು ಲೋಟ ನೀರು ಸಾಕು.